ಗ್ರಂಥಾಲಯದ ಹೊರಸಂಚಾರ: ಪೋಷಕ ಬಳಗಗಳ ಯಾತ್ರೆ ಮತ್ತು ಉತ್ಸವಗಳು

೧

ಗ್ರಂಥಾಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ದಾಖಲಿಸುತ್ತಾರೆ: ಕಟ್ಟಡ ಮತ್ತು ಗ್ರಂಥಸಂಖ್ಯೆ. ಶಂಕುಸ್ಥಾಪನೆ ಯಾವಾಗ ನಡೆಯಿತು, ಮಹಾದಾನಿಗಳು ಯಾರು, ಕಪಾಟುಗಳಲ್ಲಿರುವ ಪುಸ್ತಕಗಳೆಷ್ಟು ಎಂಬ ವಿವರಗಳು ವಾರ್ಷಿಕ ವರದಿಗಳಲ್ಲಿ ದೊರೆಯುತ್ತವೆ. ಗ್ರಂಥಾಲಯವನ್ನು ತಮ್ಮದೆಂದು ಬಗೆದು ಅದಕ್ಕಾಗಿ ಊರೂರು ತಿರುಗಿದ, ಮನೆಮನೆಯ ಬಾಗಿಲು ತಟ್ಟಿದ, ವರ್ಷಕ್ಕೊಮ್ಮೆ ಚಪ್ಪರ ಹಾಕಿ ಉತ್ಸವ ನಡೆಸಿದ ಜನರ ಸಂಗತಿ ಮಾತ್ರ ವರದಿಯ ಕೊನೆಯ ಪುಟದಲ್ಲಿ, ಅದೂ ವಂದನಾರ್ಪಣೆಯ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಈ ಜನರ ಗುಂಪನ್ನು ಇಲ್ಲಿ ‘ಪೋಷಕ ಬಳಗ’ ಎಂದು ಕರೆಯಲಾಗಿದೆ.

ಸದಸ್ಯನಿಗೂ ಪೋಷಕನಿಗೂ ವ್ಯತ್ಯಾಸವುಂಟು. ಸದಸ್ಯನು ಚಂದಾ ಕೊಟ್ಟು ಪುಸ್ತಕವನ್ನು ಎರವಲು ಪಡೆಯುತ್ತಾನೆ. ಅವನ ಸಂಬಂಧ ತನ್ನ ಓದಿಗೆ ಸೀಮಿತವಾದುದು. ಪೋಷಕನು ತನ್ನ ಓದಿನ ಜೊತೆಗೆ ಇನ್ನೊಬ್ಬನ ಓದಿನ ಹೊಣೆಯನ್ನೂ ಹೊರುತ್ತಾನೆ. ಸದಸ್ಯನು ಪೋಷಕನಾಗುವುದು ಹೇಗೆ? ವಾಚನಾಲಯದ ಮೇಜಿನ ಮುಂದೆ ಮೌನವಾಗಿ ಕುಳಿತವರು ಪರಸ್ಪರ ಪರಿಚಿತರಾಗುವುದಿಲ್ಲ. ಅವರು ಒಟ್ಟಿಗೆ ಒಂದು ಪ್ರಯಾಣ ಹೊರಟಾಗ, ಒಂದು ಸಮಾರಂಭದ ಕೆಲಸವನ್ನು ಹಂಚಿಕೊಂಡಾಗ ಮಾತ್ರ ಬಳಗವೆಂಬುದು ಹುಟ್ಟುತ್ತದೆ. ಆದುದರಿಂದ ಗ್ರಂಥಾಲಯದ ಪ್ರವಾಸ, ವಾರ್ಷಿಕೋತ್ಸವ ಮುಂತಾದವುಗಳನ್ನು ಕೇವಲ ಮನರಂಜನೆಯ ಕಾರ್ಯಕ್ರಮಗಳೆಂದು ತಳ್ಳಿಹಾಕುವುದು ಸರಿಯಲ್ಲ. ದಕ್ಷಿಣ ಭಾರತದ ಗ್ರಂಥಾಲಯ ಚಳವಳಿಯನ್ನು ಗಮನಿಸಿದರೆ, ಅನೇಕ ಕಡೆ ಸಂಚಾರವೇ ಮೊದಲು ಬಂದಿತು, ಗ್ರಂಥಾಲಯ ಆ ಬಳಿಕ ಬಂದಿತು ಎಂಬುದು ಗೊತ್ತಾಗುತ್ತದೆ.

ಯುರೋಪಿನಲ್ಲಿ ಇಂತಹ ಬಳಗಗಳು ಬೇರೆ ಬಗೆಯಲ್ಲಿ ರೂಪುಗೊಂಡವು. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ಗೆಳೆಯರ ಸಂಘ ೧೯೧೩ರಲ್ಲಿಯೂ, ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ ಗೆಳೆಯರ ಸಂಘ ೧೯೨೫ರಲ್ಲಿಯೂ ಸ್ಥಾಪನೆಯಾದವು. ಅಲ್ಲಿ ಗ್ರಂಥಾಲಯ ಶತಮಾನಗಳಿಂದ ನೆಲೆನಿಂತಿತ್ತು. ಅದಕ್ಕೆ ಅಪೂರ್ವ ಗ್ರಂಥಗಳನ್ನು ಕೊಂಡು ಕೊಡುವುದು ಗೆಳೆಯರ ಮುಖ್ಯ ಕೆಲಸವಾಗಿತ್ತು. ಭಾರತದ ಹಳ್ಳಿ ಪಟ್ಟಣಗಳಲ್ಲಿ ಬೆಂಬಲಿಸಲು ಗ್ರಂಥಾಲಯವೇ ಇರಲಿಲ್ಲ. ಇಲ್ಲಿ ಗೆಳೆಯರು ಮೊದಲು ಸೇರಿ, ಗ್ರಂಥಾಲಯವನ್ನು ಹುಟ್ಟಿಸಬೇಕಾಯಿತು. ಬರೋಡೆಯಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು ೧೯೧೦ರಲ್ಲಿ ಅಮೆರಿಕದ ಗ್ರಂಥಾಲಯ ತಜ್ಞ ಬೋರ್ಡೆನ್ ಅವರನ್ನು ಕರೆಸಿ, ಪುಸ್ತಕದ ಪೆಟ್ಟಿಗೆಗಳು ಹಳ್ಳಿಗಳಿಗೆ ಸಂಚರಿಸುವ ವ್ಯವಸ್ಥೆಯನ್ನು ಸಂಸ್ಥಾನದ ವೆಚ್ಚದಲ್ಲಿಯೇ ಮಾಡಿಸಿದ್ದರು. ಅಂತಹ ಅರಸನಿಲ್ಲದ ಸೀಮೆಗಳಲ್ಲಿ ಈ ಕೆಲಸವನ್ನು ಓದುಗರೇ ಕೈಗೆತ್ತಿಕೊಂಡರು.

೨

ಈ ಬಗೆಯ ಸಂಘಟನೆಗೆ ಸ್ಪಷ್ಟವಾದ ಮೊದಲ ಉದಾಹರಣೆ ಆಂಧ್ರದ್ದು. ೧೯೧೪ರ ಏಪ್ರಿಲ್ ೧೦ರಂದು ವಿಜಯವಾಡದಲ್ಲಿ ತೆಲುಗು ಸಾಹಿತಿ ಚಿಲಕಮರ್ತಿ ಲಕ್ಷ್ಮೀನರಸಿಂಹಂ ಅವರ ಅಧ್ಯಕ್ಷತೆಯಲ್ಲಿ ಗ್ರಂಥಾಲಯಗಳ ಪ್ರತಿನಿಧಿಗಳು ಸಭೆ ಸೇರಿ ಆಂಧ್ರದೇಶ ಗ್ರಂಥಾಲಯ ಸಂಘವನ್ನು ಸ್ಥಾಪಿಸಿದರು. ಇದರ ಹಿಂದಿದ್ದ ಮುಖ್ಯ ಚೈತನ್ಯ ಅಯ್ಯಂಕಿ ವೆಂಕಟರಮಣಯ್ಯನವರು (೧೮೯೦-೧೯೭೯). ಸಂಘವು ಹಮ್ಮಿಕೊಂಡ ಕಾರ್ಯಕ್ರಮಗಳಲ್ಲಿ ಗ್ರಂಥಾಲಯ ಯಾತ್ರೆ ವಿಶಿಷ್ಟವಾದುದು. ಕಾರ್ಯಕರ್ತರು ತಂಡವಾಗಿ ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದರು. ಗ್ರಂಥಾಲಯವಿದ್ದ ಊರಿನಲ್ಲಿ ಅದರ ಸ್ಥಿತಿಗತಿಯನ್ನು ನೋಡುತ್ತಿದ್ದರು. ಇಲ್ಲದ ಊರಿನಲ್ಲಿ ಜನರನ್ನು ಸೇರಿಸಿ, ಒಂದನ್ನು ತೆರೆಯುವಂತೆ ಒಪ್ಪಿಸುತ್ತಿದ್ದರು.

‘ಯಾತ್ರೆ’ ಎಂಬ ಪದದ ಆಯ್ಕೆ ಇಲ್ಲಿ ವಿಚಾರಾರ್ಹವಾಗಿದೆ. ತಿರುಪತಿಗೋ ಶ್ರೀಶೈಲಕ್ಕೋ ಯಾತ್ರೆ ಹೋಗುವುದು ಹಳ್ಳಿಯ ಜನರಿಗೆ ಹೊಸದಲ್ಲ. ಯಾತ್ರಿಕರಿಗೆ ಇಳಿದುಕೊಳ್ಳಲು ಜಾಗ, ಒಂದು ಹೊತ್ತಿನ ಊಟ ಕೊಡುವುದು ಪುಣ್ಯವೆಂದು ಅವರು ಬಲ್ಲರು. ಪುಸ್ತಕ ಪ್ರಚಾರಕ್ಕೆ ಬಂದವರನ್ನೂ ಯಾತ್ರಿಕರೆಂದು ಕರೆದಾಗ ಆ ಹಳೆಯ ಮರ್ಯಾದೆ ಹೊಸ ಕೆಲಸಕ್ಕೂ ಒದಗಿಬರುತ್ತದೆ. ಭಾಷಣ ಕೇಳಲು ಬಾರದವನು ಯಾತ್ರೆಯ ತಂಡವನ್ನು ನೋಡಲು ಬರುತ್ತಾನೆ. ಬಂದವನು ಮಾತನ್ನೂ ಕೇಳುತ್ತಾನೆ. ಅಕ್ಷರ ಬಾರದವರೇ ಹೆಚ್ಚಾಗಿದ್ದ ಕಾಲದಲ್ಲಿ ಗ್ರಂಥಾಲಯದ ಅಗತ್ಯವನ್ನು ಕರಪತ್ರದಿಂದ ತಿಳಿಸಲು ಸಾಧ್ಯವಿರಲಿಲ್ಲ. ಓದಿ ಹೇಳುವ ದನಿ ಊರಿನೊಳಕ್ಕೇ ನಡೆದು ಬರಬೇಕಾಗಿತ್ತು.

ನಡಿಗೆಯಿಂದ ಮುಂದಿನ ಹೆಜ್ಜೆ ದೋಣಿಯದು. ೧೯೩೫ರಲ್ಲಿ ಪಾತೂರಿ ನಾಗಭೂಷಣಂ ಅವರು ಗುಂಟೂರು ಜಿಲ್ಲೆಯ ಕಾಲುವೆಯಲ್ಲಿ ಪೆದವಡ್ಲಪೂಡಿ ಮತ್ತು ಕೊಲ್ಲೂರುಗಳ ನಡುವೆ ದೋಣಿ ಗ್ರಂಥಾಲಯವನ್ನು ನಡೆಸಿದರು. ಕೃಷ್ಣಾ ನದಿಯ ಕಾಲುವೆಗಳು ನೀರಾವರಿಗೆಂದು ತೋಡಿದವುಗಳಾದರೂ ಜನಸಂಚಾರಕ್ಕೂ ಬಳಕೆಯಾಗುತ್ತಿದ್ದವು. ದೋಣಿಯ ಪ್ರಯಾಣ ನಿಧಾನವಾದುದು. ಪ್ರಯಾಣಿಕನ ಕೈ ಬಿಡುವಾಗಿರುತ್ತದೆ, ಹೊತ್ತು ಕಳೆಯಬೇಕಾಗಿರುತ್ತದೆ. ಆ ಬಿಡುವನ್ನು ಗುರುತಿಸಿ, ಅಲ್ಲಿಗೆ ಪುಸ್ತಕವನ್ನು ಒಯ್ದದ್ದರಲ್ಲಿ ಈ ಪ್ರಯೋಗದ ಜಾಣ್ಮೆಯಿದೆ.

ಇದಕ್ಕೆ ನಾಲ್ಕು ವರ್ಷ ಮೊದಲು, ೧೯೩೧ರಲ್ಲಿ, ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಹೊರಟಿತ್ತು. ಅದನ್ನು ರೂಪಿಸಿದವರು ಎಂಜಿನಿಯರರಾಗಿದ್ದ ಎಸ್. ವಿ. ಕನಕಸಭೈ ಪಿಳ್ಳೆಯವರು. ಮದರಾಸು ಗ್ರಂಥಾಲಯ ಸಂಘ ೧೯೨೮ರಲ್ಲಿ ಸ್ಥಾಪನೆಯಾಗಿ, ಎಸ್. ಆರ್. ರಂಗನಾಥನ್ ಅವರ ನೇತೃತ್ವದಲ್ಲಿ ಆ ಪ್ರಾಂತದ ಉದ್ದಗಲಕ್ಕೂ ಇಂತಹ ಉತ್ಸಾಹವನ್ನು ಬೆಳೆಸುತ್ತಿದ್ದ ಕಾಲವದು. ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ವಿವರಿಸಿದ ರಂಗನಾಥನ್ ಅವರ ಗ್ರಂಥ ಪ್ರಕಟವಾದುದೂ ೧೯೩೧ರಲ್ಲಿಯೇ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು ಎಂಬುದು ಆ ಸೂತ್ರಗಳಲ್ಲಿ ಒಂದಾದರೆ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು ಎಂಬುದು ಮತ್ತೊಂದು. ಈ ಎರಡನೆಯದನ್ನು ಪಾಲಿಸಲು ಪುಸ್ತಕ ತಾನೇ ಹೊಸಿಲು ದಾಟಬೇಕಾಗುತ್ತದೆ. ಮನ್ನಾರ್‌ಗುಡಿಯ ಗಾಡಿ ಆ ಸೂತ್ರದ ಹಳ್ಳಿಯ ಭಾಷ್ಯವಾಗಿತ್ತು. ಮುಂದೆ ೧೯೪೮ರಲ್ಲಿ ಮದರಾಸು ಪ್ರಾಂತದಲ್ಲಿ ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಿತು. ಕಾಯಿದೆಗೆ ಬೇಕಾದ ಜನಾಭಿಪ್ರಾಯವನ್ನು ಸಿದ್ಧಗೊಳಿಸಿದುದರಲ್ಲಿ ಇಂತಹ ಸಂಚಾರಗಳ ಪಾಲೂ ಇದೆ.

೩

ಬಳಗಗಳ ಸಮ್ಮೇಳನಗಳನ್ನು ನಡೆಸುವುದರಲ್ಲಿಯೂ ಚಳವಳಿಯ ನಾಯಕರು ವ್ಯವಹಾರಜ್ಞಾನವನ್ನು ತೋರಿದರು. ೧೯೧೯ರ ನವೆಂಬರ್ ೧೪ರಂದು ಮದರಾಸಿನಲ್ಲಿ ಅಖಿಲ ಭಾರತ ಗ್ರಂಥಾಲಯ ಸಮ್ಮೇಳನ ನಡೆಯಿತು. ಬರೋಡೆಯ ಗ್ರಂಥಾಲಯಗಳ ಅಧಿಕಾರಿ ಜೆ. ಎಸ್. ಕುಡಾಳ್ಕರ್ ಅದರ ಅಧ್ಯಕ್ಷರಾಗಿದ್ದರು. ಇಂದು ನವೆಂಬರ್ ೧೪ರಿಂದ ೨೦ರವರೆಗೆ ದೇಶದಾದ್ಯಂತ ಆಚರಿಸುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಆ ದಿನದಿಂದಲೇ ಮೊದಲಾಗುತ್ತದೆ. ಅನಂತರದ ವರ್ಷಗಳಲ್ಲಿ ಈ ಸಮ್ಮೇಳನಗಳನ್ನು ಕಾಂಗ್ರೆಸ್ ಅಧಿವೇಶನಗಳು ನಡೆಯುವ ಊರುಗಳಲ್ಲಿ, ಅದೇ ದಿನಗಳಲ್ಲಿ ಸೇರಿಸುವ ಪದ್ಧತಿ ಬೆಳೆಯಿತು. ಅಧಿವೇಶನಕ್ಕೆಂದು ಜನ ಹೇಗೂ ಬರುತ್ತಾರೆ. ರೈಲಿನ ಖರ್ಚು, ಬಿಡಾರ, ಚಪ್ಪರ ಯಾವುದನ್ನೂ ಬೇರೆಯಾಗಿ ಹೊಂದಿಸಬೇಕಾಗಿಲ್ಲ.

ಕನ್ನಡ ನಾಡಿಗೂ ಈ ಸಂಚಾರ ಬಂದಿತ್ತು. ೧೯೨೪ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದಾಗ, ಅಲ್ಲಿಯೇ ದೇಶಬಂಧು ಚಿತ್ತರಂಜನ ದಾಸರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಳನವೂ ಸೇರಿತು. ಬೆಳಗಾವಿ ಅಧಿವೇಶನವು ಏಕೀಕರಣದ ಇತಿಹಾಸದಲ್ಲಿ ಪಡೆದಿರುವ ಸ್ಥಾನ ಎಲ್ಲರಿಗೂ ತಿಳಿದುದೇ. ಅದರ ಮಗ್ಗುಲಲ್ಲಿ ನಡೆದ ಈ ಸಮ್ಮೇಳನ ಮಾತ್ರ ಕನ್ನಡದ ಚರ್ಚೆಗಳಲ್ಲಿ ಅಷ್ಟಾಗಿ ಸುಳಿದಿಲ್ಲ. ನಾಡನ್ನು ಕಟ್ಟುವ ಮಾತು ಮತ್ತು ಓದನ್ನು ಹರಡುವ ಮಾತು ಒಂದೇ ಊರಿನಲ್ಲಿ ಒಂದೇ ವಾರ ನಡೆದುದು ಗಮನಿಸಬೇಕಾದ ಸಂಗತಿ.

ಹೈದರಾಬಾದು ಸಂಸ್ಥಾನದಲ್ಲಿ ಗ್ರಂಥಾಲಯದ ಉತ್ಸವಕ್ಕೆ ಮತ್ತೊಂದು ಅರ್ಥವಿತ್ತು. ಅಲ್ಲಿ ೧೯೦೧ರಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಸ್ಥಾಪನೆಯಾಯಿತು. ಆಡಳಿತ ಭಾಷೆ ಉರ್ದುವಾಗಿದ್ದ ಆ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಮೂರು ಭಾಷೆಗಳ ಜನರೂ ತಮ್ಮ ನುಡಿಗೆ ಆಸರೆಯನ್ನು ಹುಡುಕುತ್ತಿದ್ದರು. ‘ಗಸ್ತಿ ನಿಶಾನ್ ೫೩’ ಎಂದು ಹೆಸರಾದ ಆಜ್ಞೆಯ ಪ್ರಕಾರ ಸಾರ್ವಜನಿಕ ಸಭೆಗಳಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕಾಗಿತ್ತು. ರಾಜಕೀಯದ ಮಾತಿಗೆ ಬಾಗಿಲು ಮುಚ್ಚಿದಾಗ ವಾಚನಾಲಯವೇ ಜನ ಸೇರುವ ತಾವಾಗುತ್ತದೆ. ತೆಲಂಗಾಣದ ಗ್ರಂಥಾಲಯ ಚಳವಳಿಯಲ್ಲಿ ಪಳಗಿದವರೇ ಮುಂದೆ ಆಂಧ್ರ ಮಹಾಸಭೆಯಂತಹ ಸಂಘಟನೆಗಳಿಗೆ ಕಾರ್ಯಕರ್ತರಾದರು. ಆ ಮಹಾಸಭೆಯ ಮೊದಲ ಅಧಿವೇಶನ ೧೯೩೦ರಲ್ಲಿ ಜೋಗಿಪೇಟೆಯಲ್ಲಿ ನಡೆಯಿತು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಿಗರೂ ಇದೇ ಆಡಳಿತದ ಕೆಳಗಿದ್ದುದರಿಂದ ಈ ಹಿನ್ನೆಲೆ ಕನ್ನಡದ ಅಭ್ಯಾಸಿಗಳಿಗೂ ಹೊರತಾದುದಲ್ಲ.

ಸಂಚಾರವನ್ನು ಅತ್ಯಂತ ವ್ಯವಸ್ಥಿತವಾಗಿ ಬಳಸಿಕೊಂಡುದು ಕೇರಳ. ಪಿ. ಎನ್. ಪಣಿಕ್ಕರ್ (೧೯೦೯-೧೯೯೫) ಅವರ ಮುಂದಾಳುತನದಲ್ಲಿ ೧೯೪೫ರಲ್ಲಿ ಅಂಬಲಪ್ಪುಳದಲ್ಲಿ ೪೭ ಗ್ರಂಥಾಲಯಗಳು ಸೇರಿ ತಿರುವಿದಾಂಕೂರಿನ ಗ್ರಂಥಶಾಲಾ ಸಂಘವನ್ನು ಕಟ್ಟಿದವು. ರಾಜ್ಯ ರಚನೆಯ ಬಳಿಕ ಅದು ಕೇರಳ ಗ್ರಂಥಶಾಲಾ ಸಂಘವಾಯಿತು. ೧೯೭೨ರಲ್ಲಿ ಸಂಘವು ದಕ್ಷಿಣ ತುದಿಯ ಪಾರಶ್ಶಾಲೆ ಮತ್ತು ಉತ್ತರ ತುದಿಯ ಕಾಸರಗೋಡುಗಳ ನಡುವೆ ಒಂದು ಸಾಂಸ್ಕೃತಿಕ ಜಾಥಾವನ್ನು ನಡೆಸಿತು. ಓದುತ್ತ ಬೆಳೆಯಿರಿ ಎಂಬುದು ಅದರ ಘೋಷಣೆಯಾಗಿತ್ತು. ೧೯೭೫ರಲ್ಲಿ ಯುನೆಸ್ಕೋದ ಕ್ರುಪ್ಸ್‌ಕಾಯಾ ಪ್ರಶಸ್ತಿ ಸಂಘಕ್ಕೆ ದೊರೆಯಿತು. ಪಣಿಕ್ಕರ್ ತೀರಿಕೊಂಡ ಜೂನ್ ೧೯ನೆಯ ದಿನವನ್ನು ಕೇರಳ ವಾಚನ ದಿನವಾಗಿ ಆಚರಿಸುತ್ತದೆ. ೧೯೮೯ರ ಕಾಯಿದೆಯಂತೆ ರೂಪುಗೊಂಡ ಅಲ್ಲಿಯ ಗ್ರಂಥಾಲಯ ಪರಿಷತ್ತು ಸದಸ್ಯ ಗ್ರಂಥಾಲಯಗಳಿಂದ ಚುನಾಯಿತವಾಗುವ ಸಂಸ್ಥೆ. ಸರಕಾರದ ಹಣ ಬಂದ ಮೇಲೆಯೂ ಬಳಗದ ಹಕ್ಕು ಉಳಿದಿರುವುದು ಅದರ ವಿಶೇಷ.

ಜಾಥಾದ ಒಂದು ತುದಿ ಕಾಸರಗೋಡು ಎಂಬುದು ಕನ್ನಡಿಗರಿಗೆ ಹಲವು ನೆನಪುಗಳನ್ನು ತರುತ್ತದೆ. ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿದ ಈ ಪ್ರದೇಶದಲ್ಲಿಯೇ ಬಹುಭಾಷಾ ವಿದ್ವಾಂಸ ಮಂಜೇಶ್ವರ ಗೋವಿಂದ ಪೈಗಳು ತಮ್ಮ ಮನೆಯಲ್ಲಿ ದೊಡ್ಡ ಗ್ರಂಥಭಂಡಾರವನ್ನು ಬೆಳೆಸಿದ್ದರು. ಅವರು ೧೯೫೧ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆಗಿದ್ದರು. ಅವರ ಮನೆ ಈಗ ‘ಗಿಳಿವಿಂಡು’ ಎಂಬ ಸ್ಮಾರಕವಾಗಿದೆ. ಗ್ರಂಥಾಲಯ ಬಳಗವೊಂದು ಪ್ರವಾಸ ಹೊರಡಲು ಇದಕ್ಕಿಂತ ತಕ್ಕ ತಾಣ ವಿರಳ.

೪

ಈ ಉದಾಹರಣೆಗಳಿಂದ ಪೋಷಕ ಬಳಗದ ಚಟುವಟಿಕೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಪ್ರಚಾರದ ಯಾತ್ರೆ. ಪುಸ್ತಕವಿಲ್ಲದ ಕಡೆಗೆ ಪುಸ್ತಕದ ಸುದ್ದಿಯನ್ನು ಒಯ್ಯುವುದು ಅದರ ಗುರಿ. ಎರಡನೆಯದು ವಾರ್ಷಿಕೋತ್ಸವ, ವರ್ಷದ ಲೆಕ್ಕವನ್ನು ಊರಿನ ಮುಂದೆ ಒಪ್ಪಿಸಿ, ಮುಂದಿನ ವರ್ಷಕ್ಕೆ ಕೈಗಳನ್ನು ಸೇರಿಸಿಕೊಳ್ಳುವ ಸಂದರ್ಭ. ಮೂರನೆಯದು ದರ್ಶನ ಪ್ರವಾಸ. ಕವಿಗಳ ಮನೆ, ಹಸ್ತಪ್ರತಿ ಭಂಡಾರ, ಹಳೆಯ ಮುದ್ರಣಾಲಯ, ಶಾಸನವಿರುವ ಗುಡಿ ಮೊದಲಾದವುಗಳನ್ನು ನೋಡಿಬರುವುದು. ನಾಲ್ಕನೆಯದು ಗ್ರಂಥಭಿಕ್ಷೆ, ಮನೆಮನೆಗೆ ಹೋಗಿ ಪುಸ್ತಕಗಳನ್ನು ಬೇಡಿ ತರುವುದು. ನಾಲ್ಕಕ್ಕೂ ಸಮಾನವಾದ ಒಂದು ಪರೀಕ್ಷೆಯುಂಟು. ಹೊರಟವರು ಹಿಂದಿರುಗಿದ ಮೇಲೆ ಪುಸ್ತಕಕ್ಕೆ ಹಿಂದಿರುಗಿದರೇ ಎಂಬುದೇ ಆ ಪರೀಕ್ಷೆ. ಪ್ರವಾಸಕ್ಕೆ ಮುನ್ನ ಆ ಸ್ಥಳದ ಬಗೆಗಿನ ಎರಡು ಪುಸ್ತಕಗಳನ್ನು ಓದಿ ಚರ್ಚಿಸಿ, ಬಂದ ಮೇಲೆ ಒಂದು ಟಿಪ್ಪಣಿಯನ್ನು ಗ್ರಂಥಾಲಯದಲ್ಲಿ ಇರಿಸಿದರೆ ಅದು ಅಧ್ಯಯನದ ಒಂದು ಅಂಗವಾಗುತ್ತದೆ. ಅದಿಲ್ಲದಿದ್ದರೆ ವನಭೋಜನವಷ್ಟೇ ಉಳಿಯುತ್ತದೆ. ವನಭೋಜನವೂ ಬೇಕಾದುದೇ, ಆದರೆ ಅದಕ್ಕೆ ಗ್ರಂಥಾಲಯದ ಹೆಸರು ಬೇಕಾಗಿಲ್ಲ.

ಹೊರನಾಡಿನ ಕನ್ನಡ ಗ್ರಂಥಾಲಯಗಳಿಗೆ ಈ ವಿಚಾರ ಬೇರೆಲ್ಲರಿಗಿಂತ ಹೆಚ್ಚು ಅನ್ವಯಿಸುತ್ತದೆ. ಕರ್ನಾಟಕದೊಳಗೆ ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಸ್ಥಳೀಯ ತೆರಿಗೆಗಳ ಮೇಲೆ ಗ್ರಂಥಾಲಯ ಕರವನ್ನು ವಿಧಿಸಲಾಗುತ್ತದೆ. ಓದುಗರು ಉದಾಸೀನರಾದರೂ ವ್ಯವಸ್ಥೆ ಹೇಗೋ ನಡೆದುಹೋಗುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಕನ್ನಡ ಸಂಘವೊಂದು ನಡೆಸುವ ಗ್ರಂಥಾಲಯಕ್ಕೆ ಅಂತಹ ಕರದ ಆಸರೆಯಿಲ್ಲ. ಅದರ ಬಾಗಿಲು ತೆರೆದಿರುವುದು ಸಂಜೆ ಕಚೇರಿಯಿಂದ ಬಂದು ಬೀಗ ತೆಗೆಯುವ ಒಬ್ಬಿಬ್ಬರ ನಿಷ್ಠೆಯಿಂದ. ಆ ಒಬ್ಬಿಬ್ಬರ ಹಿಂದೆ ಬಳಗವಿಲ್ಲದಿದ್ದರೆ, ಅವರ ನಿವೃತ್ತಿಯೊಡನೆ ಬೀಗವೂ ಬಿದ್ದಂತೆಯೇ ಸರಿ.

ಹಿಂದೆ ಮುಂಬಯಿಯಲ್ಲಿ ಈ ಬಳಗವನ್ನು ಒದಗಿಸಿದ ಒಂದು ಮುಖ್ಯ ನೆಲೆ ಕನ್ನಡ ರಾತ್ರಿಶಾಲೆಗಳು. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ಹಗಲಿನ ಕೆಲಸ ಮುಗಿಸಿ ಅಲ್ಲಿ ಓದುತ್ತಿದ್ದರು. ಸಂಘಗಳ ನಾಟಕ, ಯಕ್ಷಗಾನ, ವಾರ್ಷಿಕೋತ್ಸವ ಎಲ್ಲಕ್ಕೂ ಅವರೇ ದುಡಿಯುವ ಕೈಗಳಾಗಿದ್ದರು. ಪುಸ್ತಕಗಳಿಗೂ ಅವರೇ ಓದುಗರಾಗಿದ್ದರು. ಆ ಶಾಲೆಗಳು ಕ್ಷೀಣಿಸಿದಂತೆ ಹೊಸ ಓದುಗರನ್ನು ತರುತ್ತಿದ್ದ ಒಂದು ದಾರಿ ಮುಚ್ಚಿಹೋಯಿತು. ಹೊರನಾಡಿನಲ್ಲಿ ಹುಟ್ಟಿ ಬೆಳೆದ ಎರಡನೆಯ, ಮೂರನೆಯ ತಲೆಮಾರಿನ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಆಡುತ್ತಾರೆ. ಕನ್ನಡ ಲಿಪಿಯನ್ನು ಓದಲಾರರು. ಕಪಾಟಿನಲ್ಲಿ ಕುವೆಂಪು, ಕಾರಂತ, ಬೇಂದ್ರೆಯವರು ಇದ್ದರೂ ಈ ಮಕ್ಕಳಿಗೆ ಅವರು ಇಲ್ಲದವರೇ. ಇವರನ್ನು ವಾಚನಾಲಯಕ್ಕೆ ಬನ್ನಿರೆಂದು ಕರೆದು ಪ್ರಯೋಜನವಿಲ್ಲ. ಬಳಗದ ಹಿರಿಯರೊಡನೆ ಒಂದು ಪ್ರವಾಸಕ್ಕೆ ಬಂದಾಗ, ದಾರಿಯಲ್ಲಿ ಒಬ್ಬರು ಕಥೆಯೊಂದನ್ನು ಗಟ್ಟಿಯಾಗಿ ಓದಿದಾಗ, ಅವರ ಕಿವಿಗೆ ಬಿದ್ದ ಕನ್ನಡ ಕಣ್ಣಿಗೂ ಬೀಳಬೇಕೆಂಬ ಆಸೆ ಹುಟ್ಟುವ ಸಾಧ್ಯತೆಯಿದೆ. ಅಕ್ಷರವಿಲ್ಲದ ಹಳ್ಳಿಯಲ್ಲಿ ಆಂಧ್ರದ ಯಾತ್ರಿಕರು ಎದುರಿಸಿದ ಪರಿಸ್ಥಿತಿಯೇ ಇಂದು ಮಹಾನಗರದ ಕನ್ನಡ ಮನೆಯಲ್ಲಿ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿದೆ.

ಪ್ರವಾಸಕ್ಕೆ ಕರ್ನಾಟಕದವರೆಗೂ ಹೋಗಬೇಕೆಂದಿಲ್ಲ. ಕನ್ನಡ ಪುಸ್ತಕದ ಚರಿತ್ರೆ ಈ ನಗರಗಳಲ್ಲಿಯೇ ಹರಡಿಕೊಂಡಿದೆ. ಚೆನ್ನೈಯ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕಾಗದಪತ್ರಗಳೂ ಕನ್ನಡದ ಓಲೆಗರಿಗಳೂ ಇವೆ. ೧೮೯೮ರಲ್ಲಿ ‘ಕವಿರಾಜಮಾರ್ಗ’ವನ್ನು ಸಂಪಾದಿಸಿ ಪ್ರಕಟಿಸಿದ ಕೆ. ಬಿ. ಪಾಠಕರು ಪುಣೆಯಲ್ಲಿ ನೆಲಸಿ ವಿದ್ವತ್ಕಾರ್ಯ ನಡೆಸಿದವರು. ಅದೇ ನಗರದಲ್ಲಿ ೧೯೧೭ರಲ್ಲಿ ಸ್ಥಾಪನೆಯಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ಹಸ್ತಪ್ರತಿ ಭಂಡಾರವಿದೆ. ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯವನ್ನು ‘ಹೊಸಗನ್ನಡದ ಅರುಣೋದಯ’ದಲ್ಲಿ ಬೆಳಕಿಗೆ ತಂದ ಶ್ರೀನಿವಾಸ ಹಾವನೂರರು ಗ್ರಂಥಪಾಲಕರಾಗಿ ದುಡಿದವರು, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮುಖ್ಯಸ್ಥರಾಗಿದ್ದವರು. ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಅಲೆಯುವ ಹವ್ಯಾಸದಿಂದ ಎಂತಹ ಸಂಶೋಧನೆ ಹೊರಬರಬಲ್ಲುದೆಂಬುದಕ್ಕೆ ಅವರ ಕೃತಿಯೇ ಸಾಕ್ಷಿ.

ನಾಲ್ಕು ಬಗೆಗಳಲ್ಲಿ ಇಂದು ತುರ್ತಾದುದು ಗ್ರಂಥಭಿಕ್ಷೆ. ಹೊರನಾಡಿನ ಹಿರಿಯ ಓದುಗರೊಬ್ಬರು ತೀರಿಕೊಂಡಾಗ ಅವರ ಮನೆಯ ಕನ್ನಡ ಪುಸ್ತಕಗಳನ್ನು ಓದಬಲ್ಲವರು ಆ ಮನೆಯಲ್ಲಿ ಉಳಿದಿರುವುದಿಲ್ಲ. ಚಿಕ್ಕ ಫ್ಲಾಟಿನಲ್ಲಿ ಜಾಗವೂ ಇರುವುದಿಲ್ಲ. ಐವತ್ತು ವರ್ಷ ಕೂಡಿಟ್ಟ ಪುಸ್ತಕಗಳು, ಸಂಘಗಳ ಸ್ಮರಣ ಸಂಚಿಕೆಗಳು, ಸ್ಥಳೀಯ ಕನ್ನಡ ಪತ್ರಿಕೆಗಳ ಹಳೆಯ ಸಂಚಿಕೆಗಳು ಒಂದೇ ಮಧ್ಯಾಹ್ನದಲ್ಲಿ ತೂಕದ ಲೆಕ್ಕದಲ್ಲಿ ರದ್ದಿಯವನ ಪಾಲಾಗುತ್ತವೆ. ಕಾದಂಬರಿಯ ಇನ್ನೊಂದು ಪ್ರತಿ ಬೆಂಗಳೂರಿನಲ್ಲಿ ಸಿಕ್ಕೀತು. ಹೊರನಾಡಿನಲ್ಲಿಯೇ ಅಚ್ಚಾದ ಸಂಚಿಕೆಗೆ ಇನ್ನೊಂದು ಪ್ರತಿ ಇರಲಾರದು. ತಿಂಗಳಿಗೊಂದು ಭಾನುವಾರ ಬಳಗದ ನಾಲ್ಕು ಮಂದಿ ಹಿರಿಯರ ಮನೆಗಳಿಗೆ ಹೋಗಿ ಮಾತನಾಡಿಸಿ, ಅವರ ಸಂಗ್ರಹದ ಪಟ್ಟಿ ಮಾಡಿಕೊಂಡು ಬಂದರೆ ಈ ನಷ್ಟದ ಬಹುಭಾಗ ತಪ್ಪುತ್ತದೆ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಕನ್ನಡದ ಮನೆಗಳಿಗೆ ಮುಟ್ಟಿಸಿದವರು. ಅವರು ನಡೆದ ದಾರಿಯಲ್ಲಿಯೇ ಈಗ ಎದುರು ದಿಕ್ಕಿನಿಂದ ನಡೆದು, ಮನೆಗಳಿಂದ ಪುಸ್ತಕಗಳನ್ನು ಹೊತ್ತು ತರಬೇಕಾಗಿದೆ.

ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳಿಗೂ ಇದರಲ್ಲಿ ಪಾತ್ರವಿದೆ. ಹೊರನಾಡ ಸಂಘಗಳ ಗ್ರಂಥಾಲಯಗಳ ಕುರಿತು ಅಧ್ಯಯನ ಮಾಡುವ ವಿದ್ಯಾರ್ಥಿಗಳು ಗ್ರಂಥಸೂಚಿಯ ಜೊತೆಗೆ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ, ಪ್ರವಾಸದ ಖರ್ಚಿನ ಚೀಟಿ, ಪುಸ್ತಕ ದಾನಿಗಳ ಪಟ್ಟಿ, ಎರವಲು ವಹಿ ಇವುಗಳನ್ನೂ ಆಕರಗಳೆಂದು ಸಂಗ್ರಹಿಸಬೇಕು. ಯಾವ ವರ್ಷ ಯಾರು ಹೊರಟರು, ಎಲ್ಲಿಗೆ ಹೋದರು, ಏನನ್ನು ತಂದರು ಎಂಬುದು ತಿಳಿದಾಗ ಆ ನಗರದಲ್ಲಿ ಕನ್ನಡ ಓದು ಹೇಗೆ ಬೆಳೆಯಿತು, ಎಲ್ಲಿ ಬತ್ತಿತು ಎಂಬುದೂ ತಿಳಿಯುತ್ತದೆ. ಕಾಲುವೆಯ ದೋಣಿ, ಮನ್ನಾರ್‌ಗುಡಿಯ ಗಾಡಿ ಈಗ ಇಲ್ಲ. ಅವುಗಳನ್ನು ಹೊರಡಿಸಿದ ತಿಳಿವಳಿಕೆ ಮಾತ್ರ ಹಳತಾಗಿಲ್ಲ: ಓದುಗನು ಬಾರದ ಕಡೆ ಗ್ರಂಥಾಲಯವೇ ಎದ್ದು ಹೋಗಬೇಕು, ಮತ್ತು ಹಾಗೆ ಹೋಗಲು ಅದಕ್ಕೆ ಇರುವ ಕಾಲುಗಳು ಅದರ ಬಳಗದವರದೇ.